ಆಯತ ಎಣಿಸಬೇಡಿ, ಗೆರೆ ಆರಿಸಿ

ಚೆಸ್ ಬೋರ್ಡಿನಲ್ಲಿ ಒಟ್ಟು ಎಷ್ಟು ಆಯತಗಳಿವೆ? ವಸ್ತುಗಳನ್ನು ಎಷ್ಟು ರೀತಿ ಜೋಡಿಸಬಹುದು, ಎಷ್ಟು ರೀತಿ ಆರಿಸಬಹುದು ಎಂದು ಎಣಿಸುವ ಕ್ರಮಯೋಜನೆ ಮತ್ತು ವಿಕಲ್ಪ, ಅಂದರೆ ಮಕ್ಕಳ ಬಾಯಲ್ಲಿ 'ಪಿ ಅಂಡ್ ಸಿ', ಶುರು ಮಾಡುವ ದಿನ ನಾನು ಪಿಯುಸಿ ಮಕ್ಕಳಿಗೆ ಕೇಳುವ ಪ್ರಶ್ನೆ ಇದು. ಕೆಲವರು ತಟ್ಟನೆ 64 ಅಂತಾರೆ. ಚುರುಕಿನವರು ಪೆನ್ಸಿಲ್ ಹಿಡಿದು ಕೂರುತ್ತಾರೆ. ಒಂದು ಮನೆಯವು 64, ಎರಡು ಮನೆಯವು ಅಡ್ಡಕ್ಕೆ 56, ಉದ್ದಕ್ಕೆ 56... ಐದು ನಿಮಿಷದಲ್ಲಿ ಲೆಕ್ಕ ತಪ್ಪಿ ತಲೆ ಕೆರೆದುಕೊಳ್ಳುತ್ತಾರೆ.

ಆಗ ಆಯತಗಳನ್ನು ಸದ್ಯಕ್ಕೆ ಮರೆತುಬಿಡಿ ಅನ್ನುತ್ತೇನೆ. ಬೋರ್ಡಿನಲ್ಲಿ ನಿಂತ ಗೆರೆ 9, ಮಲಗಿದ ಗೆರೆ 9. ಎರಡು ನಿಂತವು, ಎರಡು ಮಲಗಿದವು ಆರಿಸಿ. ಒಂದು ಆಯತ ತಾನಾಗಿಯೇ ಸಿಗುತ್ತದೆ, ಅಲ್ವಾ? 9ರಲ್ಲಿ 2 ಆರಿಸುವುದು 9×8÷2, ಅಂದರೆ 36 ರೀತಿ. ಮೂರನೇ ಗೆರೆ ಆಮೇಲೆ ಏಳನೇದು ಅಂದರೂ, ಏಳನೇದು ಆಮೇಲೆ ಮೂರನೇದು ಅಂದರೂ ಜೋಡಿ ಒಂದೇ. ಅದಕ್ಕೇ 2ರಿಂದ ಭಾಗಿಸಿದ್ದು. ಉತ್ತರ 36×36 = 1296.

ಚೌಕಗಳಿಗೆ ಮಾತ್ರ ಈ ಉಪಾಯ ನಡೆಯಲ್ಲ. ನಿಂತ ಗೆರೆಗಳ ನಡುವಿನ ಅಂತರವೇ ಮಲಗಿದವಕ್ಕೂ ಇರಬೇಕು, ಎರಡನೇ ಆಯ್ಕೆಗೆ ಸ್ವಾತಂತ್ರ್ಯವಿಲ್ಲ. ಅಲ್ಲಿ ಒಂದೊಂದು ಅಳತೆಯನ್ನೇ ಹಿಡಿದು 64+49+36 ಅಂತ 1ರವರೆಗೆ ಕೂಡಬೇಕು, 204 ಬರುತ್ತದೆ.

ಅಂದಹಾಗೆ, ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಆರಿಸಲು ಎಷ್ಟು ರೀತಿ ಎಂಬ ಸೂತ್ರವನ್ನು 9ನೇ ಶತಮಾನದಲ್ಲೇ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, ಗಣಿತಜ್ಞ ಮಹಾವೀರಾಚಾರ್ಯ ಹೇಳಿದ್ದಾನೆ. ನಮ್ಮ ನೆಲದ ಲೆಕ್ಕವೇ ಇದು.

ಪರೀಕ್ಷೆಯಲ್ಲಿ ಮಕ್ಕಳು ಜಾಸ್ತಿ ಎಡವುವುದು ಬಿಂದುಗಳ ಲೆಕ್ಕದಲ್ಲಿ. 10 ಬಿಂದುಗಳಿವೆ, ಅದರಲ್ಲಿ 4 ಒಂದೇ ಸರಳರೇಖೆಯ ಮೇಲಿವೆ, ಬೇರೆ ಯಾವ ಮೂರೂ ಹಾಗಿಲ್ಲ. ತ್ರಿಭುಜ ಎಷ್ಟು? 10ರಲ್ಲಿ 3 ಆರಿಸಲು 120 ರೀತಿ, ಅದರಲ್ಲಿ ಆ ನಾಲ್ಕರಿಂದ ಆಗದ 4 ಕಳೆದರೆ 116. ಇದನ್ನು ಎಲ್ಲರೂ ಮಾಡುತ್ತಾರೆ. ಸರಳರೇಖೆ ಎಷ್ಟು ಅಂದಾಗ 10ರಲ್ಲಿ 2 ಆರಿಸುವ 45ರಲ್ಲಿ ಆ ನಾಲ್ಕರ 6 ಜೋಡಿ ಕಳೆದು 39 ಬರೆದು ಪೆನ್ನಿನ ಮುಚ್ಚಳ ಹಾಕುತ್ತಾರೆ. ಆ ನಾಲ್ಕು ಬಿಂದುಗಳು ಕೂತಿರುವ ಗೆರೆ ಎಲ್ಲಿ ಹೋಯಿತು? ಅದನ್ನೂ ಸೇರಿಸಿ 40.

ಎಡವುವುದು ಮಕ್ಕಳಷ್ಟೇ ಅಲ್ಲ. ಒಂದು ಕಿರುಪರೀಕ್ಷೆಗೆ ನಾನೇ ಪ್ರಶ್ನೆ ಬರೆದಿದ್ದೆ: ಷಡ್ಭುಜದ ಕರ್ಣಗಳು ಒಳಗೆ ಎಷ್ಟು ಕಡೆ ಒಂದನ್ನೊಂದು ಕತ್ತರಿಸುತ್ತವೆ? ಯಾವುದೇ 4 ಶೃಂಗ ಆರಿಸಿದರೆ ಒಂದು ಚತುರ್ಭುಜ, ಅದರ ಎರಡು ಕರ್ಣಗಳು ಒಂದೇ ಕಡೆ ಕತ್ತರಿಸುತ್ತವೆ. 6ರಲ್ಲಿ 4 ಅಂದರೆ 15. ಉತ್ತರವನ್ನು ಹಾಗೇ ಬರೆದಿಟ್ಟೆ. ಕೊನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನನಗೆ ಹದಿಮೂರೇ ಬರ್ತಿದೆ." ಅವಳು ಕೈವಾರದಲ್ಲಿ ನೀಟಾಗಿ ಸಮಷಡ್ಭುಜ ಬರೆದಿದ್ದಳು. ಅದರಲ್ಲಿ ಮೂರು ಉದ್ದ ಕರ್ಣಗಳೂ ನಡುಮಧ್ಯದ ಒಂದೇ ಬಿಂದುವಿನಲ್ಲಿ ಸೇರುತ್ತವೆ. ಮೂರು ಬೇರೆ ಬೇರೆ ಆಯ್ಕೆ, ಬಿಂದು ಒಂದೇ. 15ರಲ್ಲಿ 2 ಹೋಗಿ 13. ಮೂರು ಕರ್ಣ ಒಂದೇ ಕಡೆ ಸೇರುವುದಿಲ್ಲ ಎಂಬ ಷರತ್ತನ್ನು ಪ್ರಶ್ನೆಯಲ್ಲಿ ಬರೆಯಲು ನಾನು ಮರೆತಿದ್ದೆ. ಅಂಕ ಅವಳಿಗೇ ಕೊಟ್ಟೆ.

ಮರುವಾರ ವೃತ್ತದ ಲೆಕ್ಕ ತಂದೆ. ವೃತ್ತದ ಮೇಲೆ ಬಿಂದು ಇಟ್ಟು ಎಲ್ಲವನ್ನೂ ಗೆರೆಯಿಂದ ಜೋಡಿಸಿದರೆ ಎಷ್ಟು ತುಂಡು? 1 ಬಿಂದುವಿಗೆ 1, ಆಮೇಲೆ 2, 4, 8, 16. ಆರನೇದಕ್ಕೆ ಇಡೀ ಕ್ಲಾಸು 32 ಅಂತ ಕೂಗಿತು. ಆದರೆ ಪ್ರತಿ ಗೆರೆಗೆ ಒಂದು ತುಂಡು ಹೆಚ್ಚುತ್ತದೆ, ಎರಡು ಗೆರೆ ಕತ್ತರಿಸುವ ಪ್ರತಿ ಕಡೆಗೆ ಇನ್ನೊಂದು. ಮೊದಲಿನ 1, ಗೆರೆ 15, ಕತ್ತರಿಸುವ ಕಡೆ 15, ಒಟ್ಟು 31. ಈ ಸಲ ಷರತ್ತನ್ನು ಬೋರ್ಡಿನ ಮೇಲೆ ಮರೆಯದೆ ಬರೆದಿದ್ದೆ. ಆದರೂ ಅದೇ ಹುಡುಗಿ ಬೇಕಂತಲೇ ಸಮ ಅಂತರದಲ್ಲಿ ಬಿಂದು ಇಟ್ಟು ಎಣಿಸಿ ನೋಡಿದಳು. 30 ಬಂತು. ನಡುವೆ ಇರಬೇಕಿದ್ದ ಪುಟ್ಟ ತ್ರಿಭುಜ ಕುಗ್ಗಿ ಚುಕ್ಕೆಯಾಗಿತ್ತು.