ಕೊಟ್ಟಿಗೆಯ ಗೋಡೆಯಲ್ಲಿ ಕೂತ ಜ್ವರ

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಹಳೇ ದನದ ಕೊಟ್ಟಿಗೆ ಇದ್ದರೆ, ಅದರ ಕಲ್ಲುಗೋಡೆಯ ಸಂದಿಗೆ ಟಾರ್ಚ್ ಬಿಟ್ಟು ನೋಡಿ. ಉದ್ದ ಕಾಲಿನ ಕಂದು ಉಣ್ಣಿ ಕಂಡರೆ ಅದು ಹಯಲೋಮ ಎಂಬ ಜಾತಿಯದಿರಬಹುದು. ರಕ್ತ ಕುಡಿದು ಉದುರಿದ ಮರಿ ಇಂಥ ಸಂದಿಯಲ್ಲೇ ಪೊರೆ ಬಿಟ್ಟು ಬೆಳೆಯುತ್ತದೆ. ಆಮೇಲೆ ಮತ್ತೆ ಆಕಳಿನ ಮೈ ಹತ್ತುತ್ತದೆ. ಮರಿಯಿದ್ದಾಗ ರೋಗದ ದನದಿಂದ ಥೈಲೇರಿಯಾ ಎಂಬ ಸೂಕ್ಷ್ಮಜೀವಿಯನ್ನು ಹೀರಿಕೊಂಡಿದ್ದರೆ, ಬೆಳೆದ ಮೇಲೆ ಕಚ್ಚುವಾಗ ಜೊಲ್ಲಿನ ಜೊತೆ ಅದನ್ನು ಇನ್ನೊಂದು ದನಕ್ಕೆ ದಾಟಿಸುತ್ತದೆ.

ಥೈಲೇರಿಯಾ ಮಾಡುವ ಕೆಲಸ ನಿಜಕ್ಕೂ ಭಯ ಹುಟ್ಟಿಸುವಂಥದ್ದು. ಬಿಳಿ ರಕ್ತಕಣದೊಳಗೆ ಹೊಕ್ಕು, ಆ ಕಣ ಕ್ಯಾನ್ಸರ್ ಕಣದಂತೆ ಒಂದೇ ಸಮನೆ ಒಡೆದು ಹೆಚ್ಚುವಂತೆ ಮಾಡುತ್ತದೆ. ಕಣ ಎರಡಾದಾಗ ತಾನೂ ಪಾಲಾಗಿ ಎರಡರಲ್ಲೂ ಉಳಿಯುತ್ತದೆ. ಮದ್ದಿನಿಂದ ಜೀವಿ ಸತ್ತರೆ ಕಣದ ಈ ಓಟವೂ ನಿಲ್ಲುತ್ತದೆ. ಹೊರಗೆ ಕಾಣುವುದು ಜೋರು ಜ್ವರ, ಇಳಿದ ಹಾಲು, ನಿಂತ ಮೆಲುಕು. ಭುಜದ ಮುಂದೆ ಕೈಯಾಡಿಸಿದರೆ ಗಟ್ಟಿ ಗಂಟು ಸಿಗುತ್ತದೆ. ಈ ಜೀವಿಯನ್ನು ಕೊಲ್ಲುವ ಬುಪಾರ್ವಕ್ವೋನ್ ಚುಚ್ಚುಮದ್ದು ಈ ಹಂತದಲ್ಲೇ ಬೀಳಬೇಕು. ರಕ್ತ ತೀರಾ ಕಮ್ಮಿಯಾದ ಮೇಲೆ ಉಳಿಸುವುದು ಕಷ್ಟ.

ಜವಾರಿ ದನಗಳಿಗೂ ಇದು ತಗಲುತ್ತದೆ. ಆದರೆ ಅವು ಕರುವಿದ್ದಾಗಿನಿಂದ ಉಣ್ಣಿಯ ನಡುವೆ ಬೆಳೆದಿರುತ್ತವೆ, ಹುಟ್ಟಿನಿಂದಲೂ ತಡೆಯುವ ಶಕ್ತಿ ಜಾಸ್ತಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆ ನೀರು ಬಂದ ಸೀಮೆಯಲ್ಲಿ ಬೇಸಾಯ ಬದಲಾಯಿತು, ದನ ಸಾಕುವ ರೀತಿಯೂ ಬದಲಾಯಿತು. ಈಗ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್), ಜರ್ಸಿ ಮಿಶ್ರತಳಿಗಳೂ ಕೊಟ್ಟಿಗೆಯಲ್ಲಿವೆ. ಹಾಲು ಜಾಸ್ತಿ ಕೊಡುವ ಇವುಗಳಿಗೆ ಥೈಲೇರಿಯಾ ಎದುರಿಸುವ ತಾಕತ್ತು ಕಮ್ಮಿ. ವಾಸಿಯಾದ ದನದ ರಕ್ತದಲ್ಲೂ ಜೀವಿ ಉಳಿದಿರುತ್ತದೆ. ಹಾಗಾಗಿ ಸಂತೆಯಿಂದ ತಂದ ಗಟ್ಟಿಮುಟ್ಟಾದ ಆಕಳೇ ರೋಗ ಹೊತ್ತು ತರಬಹುದು.

ಉಣ್ಣಿಯಿಂದಲೇ ಬರುವ ಇನ್ನೊಂದು ರೋಗ ಬಬೇಸಿಯಾ, ಅದರ ದಾರಿಯೇ ಬೇರೆ. ಅದನ್ನು ಹರಡುವ ಉಣ್ಣಿ ಮರಿಯಿಂದ ದೊಡ್ಡದಾಗುವವರೆಗೂ ಒಂದೇ ದನದ ಮೈಮೇಲಿದ್ದು, ಮೊಟ್ಟೆಯ ಮೂಲಕವೇ ಮುಂದಿನ ಪೀಳಿಗೆಗೆ ರೋಗ ಕೊಡುತ್ತದೆ. ಆಕಳು ಕಾಫಿ ಬಣ್ಣದ ಮೂತ್ರ ಹೊಯ್ದರೆ ತಕ್ಷಣ ಡಾಕ್ಟರನ್ನು ಕರೆಸಿ.

ನನಗೆ ಕಳವಳ ಉಣ್ಣಿ ಸಾಯಿಸುವ ಮದ್ದು ಹೊಡೆಯುವ ರೀತಿಯ ಬಗ್ಗೆ. ಅಂದಾಜಿನಲ್ಲಿ ತೆಳ್ಳಗೆ ಕಲಸಿ, ಸುಮ್ನೆ ಬೆನ್ನ ಮೇಲೆ ಚಿಮುಕಿಸಿದರೆ ಗಟ್ಟಿ ಉಣ್ಣಿಗಳು ಉಳಿದು ಅವುಗಳದೇ ಸಂತಾನ ಬೆಳೆಯುತ್ತದೆ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಎಂಬ ಉಣ್ಣಿ ಮದ್ದುಗಳಿಗೆ ಬಗ್ಗದ ಉಣ್ಣಿಗಳು ಭಾರತದಲ್ಲಿ ಆಗಲೇ ಕಂಡಿವೆ. ಅಳತೆ ಡಾಕ್ಟರು ಹೇಳಿದಷ್ಟೇ ಇರಲಿ. ಕಿವಿಯೊಳಗೆ, ಕೆಚ್ಚಲ ಸಂದಿ, ಬಾಲದ ಬುಡ ನೋಡಿ. ಅದೇ ದಿನ ಗೋಡೆಗೂ ಹೊಡೆಯಿರಿ, ಬಿರುಕಿಗೆ ಸಿಮೆಂಟ್ ಮೆತ್ತಿಸಿ. ಹೊಸ ಆಕಳನ್ನು ಬೇರೆ ಕಟ್ಟಿ, ರಕ್ತ ಪರೀಕ್ಷೆ ಆದ ಮೇಲೆಯೇ ಉಳಿದವುಗಳ ಜೊತೆ ಬಿಡಿ.