ಆಷಾಢದಲ್ಲಿ ಬಣ್ಣ ಬೇಡ, ಮೊದಲು ಗೋಡೆ ಒಣಗಲಿ

ಪ್ರತಿ ವರ್ಷ ಆಷಾಢ ಬಂದರೆ ಸಾಕು, ನನಗೆ ಒಂದೇ ಥರದ ಫೋನ್‌ಗಳು ಶುರುವಾಗುತ್ತವೆ. "ಈಗ ಯಾರೂ ಮನೆ ನೋಡೋಕೆ ಬರಲ್ಲ. ಶ್ರಾವಣಕ್ಕೆ ತೋರಿಸ್ಬೇಕು. ಅಷ್ಟರಲ್ಲಿ ಪೇಂಟ್ ಮಾಡಿಸಿಬಿಡ್ತೀವಿ."

ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ಮಾರಾಟಕ್ಕೆ ಮನೆ ಸಿದ್ಧ ಮಾಡಿಕೊಡುವುದು ನನ್ನ ಕೆಲಸ. ಖಾತಾ, ಇಸಿ (ಋಣಭಾರ ಪತ್ರ), ಕಂದಾಯದ ರಸೀದಿ ಜೋಡಿಸಿ ಇಟ್ಟುಕೊಂಡಿರುತ್ತೀರಿ ಅಂತ ನಂಬಿದ್ದೇನೆ. ಅಟ್ಟದ ಸಾಮಾನು ಇಳಿಸಿ, ಕಿಟಕಿ ಒರೆಸಿ, ಮಂಕಾದ ಬಲ್ಬು ಬದಲಿಸಿ ಅಂತಲೂ ಹೇಳಬೇಕಿಲ್ಲ. ನನ್ನ ಮಾತು ಒಂದೇ. ತೇವ ಇರುವ ಗೋಡೆಗೆ ಬಣ್ಣ ಹಚ್ಚಬೇಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ.

ಎಷ್ಟು ಸಲ ಹೇಳಿದರೂ ಜನ ಹಚ್ಚಿಸುತ್ತಾರೆ. ಕಲೆ ಬಣ್ಣದಲ್ಲಿದೆ ಅಂತ ಅವರ ನಂಬಿಕೆ. ಕಲೆ ಬಣ್ಣದ್ದಲ್ಲ, ಗೋಡೆಯ ಹೊಟ್ಟೆಯೊಳಗಿನ ನೀರಿನದು.

ಸುಟ್ಟ ಇಟ್ಟಿಗೆ ನೋಡೋಕೆ ಕಲ್ಲಿನ ಥರ ಇದ್ದರೂ ಚೆನ್ನಾಗಿ ನೀರು ಕುಡಿಯುತ್ತದೆ. ಸಾಮಾನ್ಯ ಇಟ್ಟಿಗೆಯನ್ನು 24 ಗಂಟೆ ನೀರಲ್ಲಿ ನೆನೆಸಿದರೆ ತನ್ನ ತೂಕದ ಶೇ 20ರವರೆಗೆ ಹೀರಿಕೊಳ್ಳಬಹುದು ಅಂತ ಭಾರತೀಯ ಮಾನಕವೇ ಒಪ್ಪುತ್ತದೆ. ಅಂದರೆ 3 ಕಿಲೋ ಇಟ್ಟಿಗೆಯಲ್ಲಿ 600 ಗ್ರಾಂ ನೀರು. ಆ ನೀರು ಹೊರಗೆ ಬರಲೇಬೇಕು, ಅಲ್ವಾ? ಬರುವಾಗ ಇಟ್ಟಿಗೆಯ, ಸಿಮೆಂಟಿನ, ಮಣ್ಣಿನ ಉಪ್ಪನ್ನು ಕರಗಿಸಿಕೊಂಡು ಬರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಗೋಡೆ ಮೇಲೆ ಬೆರಳಾಡಿಸಿದರೆ ಅಂಟುವ ಬಿಳಿ ಪುಡಿ ಅದೇ. ಅದರ ಮೇಲೆ ಪುಟ್ಟಿ ಬಳಿದು ಎಮಲ್ಷನ್ ಹೊಡೆದರೆ ಆವಿ ಹೊರಗೆ ಬರುವ ದಾರಿ ಮುಚ್ಚುತ್ತದೆ. ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಹೊರಕ್ಕೆ ತಳ್ಳುತ್ತದೆ. ಬಣ್ಣ ಹಪ್ಪಳದ ಹಾಗೆ ಉಬ್ಬುತ್ತದೆ. ನಿಮ್ಮ ಅಜ್ಜಿ ಮನೆಯ ಸುಣ್ಣದ ಗೋಡೆ ಹೀಗೆ ಉಬ್ಬುತ್ತಿರಲಿಲ್ಲ. ಸುಣ್ಣ ಆವಿಯನ್ನು ತಡೆಯುವುದಿಲ್ಲ, ಅದಕ್ಕೆ.

ಇನ್ನು ಹೊತ್ತಿನ ಲೆಕ್ಕ ನೋಡಿ. ಜುಲೈಯಲ್ಲಿ ಬಣ್ಣ ಹಚ್ಚುತ್ತೀರಿ. ಬೆಂಗಳೂರಿನಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಶ್ರಾವಣದಲ್ಲಿ ನೋಡಿ ಇಷ್ಟಪಟ್ಟವರು ಎರಡನೇ ಸಲ ಬರುವುದು, ಬ್ಯಾಂಕಿನ ಕಡೆಯಿಂದ ಬೆಲೆ ಕಟ್ಟುವವರು ಬರುವುದು ಸುಮಾರಾಗಿ ಅದೇ ಹೊತ್ತಿಗೆ. ಹೊಸ ಬಣ್ಣ ಉಬ್ಬಿರುವುದನ್ನು ಅವರೆಲ್ಲ ನೋಡುತ್ತಾರೆ.

ಬಸವೇಶ್ವರನಗರದಲ್ಲಿ ಒಂದು ಮನೆ. 30/40 ಸೈಟು, ನೆಲಕ್ಕೆ ರೆಡ್ ಆಕ್ಸೈಡ್, ಹಿಂದೆ ಒಂದು ಸೀಬೆ ಮರ. ರಿಟೈರ್ ಆದ ಮೇಷ್ಟ್ರು ಮತ್ತು ಅವರ ಹೆಂಡತಿ. ಇಬ್ಬರು ಹೆಣ್ಣುಮಕ್ಕಳೂ ದೂರದ ಊರುಗಳಲ್ಲಿ. ಹೋದಾಗಲೆಲ್ಲ ಆಕೆ ಕಾಫಿ ಕೊಡದೆ ಕಳಿಸುತ್ತಿರಲಿಲ್ಲ. ಮಲಗುವ ಕೋಣೆಯ ಗೋಡೆಯಲ್ಲಿ ಕೆಳಗಿನಿಂದ ಮೂರು ಅಡಿ ತೇವ ಇತ್ತು. ನನಗೆ ಹೇಳದೆ ಬಣ್ಣ ಹಚ್ಚಿಸಿ, ಅಲ್ಲಿಗೆ ಕಬ್ಬಿಣದ ಬೀರು ಸರಿಸಿಟ್ಟಿದ್ದರು. ನೋಡಲು ಬಂದವರ ಜೊತೆ ಒಬ್ಬ ವಯಸ್ಸಾದ ತಾಯಿ ಇದ್ದರು. ಅವರು ಗೋಡೆ ನೋಡಲೇ ಇಲ್ಲ. ಬಗ್ಗಿ ಬೀರುವಿನ ಕಾಲು ನೋಡಿದರು. ಹಿಂದಿನ ಎರಡು ಕಾಲು ತುಕ್ಕು ಹಿಡಿದಿದ್ದವು, ಮುಂದಿನವು ಚೆನ್ನಾಗಿದ್ದವು. ಆಮೇಲೆ ಅವರು ಪ್ರತಿ ಕೋಣೆಯಲ್ಲೂ ಕ್ಯಾಲೆಂಡರ್ ಎತ್ತಿ ನೋಡಿದರು. ಬೇರೆ ಗೋಡೆಗಳೆಲ್ಲ ಗಟ್ಟಿಯಾಗೇ ಇದ್ದವು. ಆದರೂ ಅವರು ಹೊರಟುಹೋದರು. ಮೇಷ್ಟ್ರು ಮೋಸಗಾರರಲ್ಲ. "ಮನೆಗೆ ಬರೋರಿಗೆ ಅಸಹ್ಯ ಆಗಬಾರದು ಅಂತ ಹಾಗೆ ಮಾಡಿದ್ವಿ" ಅಂದರು. ನನಗೆ ತುಂಬಾ ಬೇಜಾರಾಯಿತು.

ಸರಿ, ಏನು ಮಾಡಬೇಕು? ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು. ಗೋಡೆ ನೋಡದೆ ಇಂಥದ್ದೇ ಕಾರಣ ಅಂತ ನಾನು ಹೇಳಲಾರೆ, ಹೇಳುವವರನ್ನು ನೀವೂ ನಂಬಬೇಡಿ. ಆದರೆ ಕೆಲವನ್ನು ನೀವೇ ನೋಡಬಹುದು. ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಂಡರೆ ನೀರು ಗೋಡೆಯೊಳಗಿದೆ. ಹಾಳೆಯ ಮೇಲೆ ಕಂಡರೆ ಕೋಣೆಗೆ ಗಾಳಿ ಸಾಲುತ್ತಿಲ್ಲ, ಕಿಟಕಿ ತೆಗೆದಿಟ್ಟರೆ ಅರ್ಧ ಕೆಲಸ ಮುಗಿಯಿತು. ಗೋಡೆ ಆಚೆ ಬಚ್ಚಲಿದ್ದರೆ ನೀರು ಹೋಗುವ ತೂತು ಮುಚ್ಚಿ, ಒಂದು ಇಂಚು ನೀರು ಕಟ್ಟಿ, 24 ಗಂಟೆ ಬಿಟ್ಟು, ಈಚೆ ಗೋಡೆಯಲ್ಲಿ ತೇವ ಹೆಚ್ಚಿತಾ ಅಂತ ನೋಡಿ. ಸಂಪ್ ಮೇಲೆ ಅನುಮಾನವಿದ್ದರೆ ರಾತ್ರಿ ಒಳಗೆ ಬರುವ ವಾಲ್ವ್ ಮುಚ್ಚಿ, ಮೋಟರ್ ಹಾಕದೆ, ನೀರಿನ ಮಟ್ಟಕ್ಕೆ ಗುರುತು ಮಾಡಿ. ಬೆಳಿಗ್ಗೆ ನೀರು ಇಳಿದಿದ್ದರೆ ಅದು ಮಣ್ಣಿಗೆ ಹೋಗುತ್ತಿದೆ.

ಕಾರಣ ಸರಿಪಡಿಸಿದ ಮೇಲೂ ತಕ್ಷಣ ಬಣ್ಣ ಬೇಡ. ಸಡಿಲವಾದ ಗಾರೆ ಕೆತ್ತಿಸಿ, ಉಪ್ಪನ್ನು ಒಣ ಬ್ರಶ್‌ನಲ್ಲಿ ಉಜ್ಜಿ ತೆಗೆಸಿ. ನೀರು ಹಾಕಿ ತೊಳೆದರೆ ಕರಗಿದ ಉಪ್ಪು ಮತ್ತೆ ಒಳಗೆ ಹೋಗುತ್ತದೆ. 9 ಇಂಚಿನ ಗೋಡೆ ಪೂರ್ತಿ ಒಣಗಲು ತಿಂಗಳುಗಳೇ ಬೇಕು. ಅಷ್ಟು ಕಾಯಲು ಆಗಲ್ಲ ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಗೋಡೆ ಇದ್ದ ಹಾಗೇ ತೋರಿಸಿ. ಪಕ್ಕದಲ್ಲಿ ಪ್ಲಂಬರ್ ಬಿಲ್ಲು, ರಿಪೇರಿಯ ಫೋಟೋ ಇಡಿ.

ಕಾನೂನೂ ಇದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ಮುಖ್ಯ ದೋಷವನ್ನು ಮಾರುವವರೇ ತಿಳಿಸಬೇಕು. ಕರಾರಿನಲ್ಲಿ ಬೇರೆ ಮಾತಾಗಿದ್ದರೆ ವಿಷಯ ಬೇರೆ. ನಿಮ್ಮ ಮನೆಯ ತೇವ ಇದರಲ್ಲಿ ಬರುತ್ತದೋ ಇಲ್ಲವೋ ಅನ್ನುವುದನ್ನು ನಿಮ್ಮ ವಕೀಲರನ್ನೇ ಕೇಳಿ. ನಾನು ವಕೀಲನಲ್ಲ. ಆದರೆ ಗೊತ್ತಿದ್ದೂ ಅದರ ಮೇಲೆ ಬಣ್ಣ ಹೊಡೆಸಿದವರು ಆಮೇಲೆ "ನಮಗೆ ಗೊತ್ತಿರಲಿಲ್ಲ" ಅನ್ನುವುದು ಕಷ್ಟ.

ಮೇಷ್ಟ್ರ ಮನೆಯಲ್ಲಿ ತಪ್ಪು ಬಚ್ಚಲಿನ ಪೈಪಿನದು. ಮೊಣಕೈ ಜೋಡಣೆಯಲ್ಲಿ ಒಂದು ಬಿರುಕು. ಸೀಳಿ ತೆಗೆದು ಹೊಸದು ಹಾಕಲು ಎರಡು ದಿನ ಹಿಡಿಯಿತು. ಗೋಡೆಯನ್ನು ಸಂಕ್ರಾಂತಿ ಕಳೆಯುವವರೆಗೆ ಬರಿ ಇಟ್ಟಿಗೆಯಲ್ಲೇ ಬಿಟ್ಟೆವು. ಬೀರು ಹಾಲ್‌ಗೆ ಬಂತು. ಮಾಘದಲ್ಲಿ ಬಂದ ಒಂದು ದಂಪತಿಗೆ ಮೇಷ್ಟ್ರು ಮೊದಲು ಆ ಗೋಡೆಯನ್ನೇ ತೋರಿಸಿದರು. ಒಡೆದ ಮೊಣಕೈ ಪೈಪನ್ನು ಪೇಪರಿನಲ್ಲಿ ಸುತ್ತಿ ಎತ್ತಿಟ್ಟಿದ್ದರು. ಅದನ್ನೂ ಬಿಚ್ಚಿ ಅವರ ಕೈಗೆ ಕೊಟ್ಟರು.