ವಯಸ್ಸಾದಂತೆ ಭಾವನೆಗಳು ಬತ್ತುತ್ತವೆಯೇ?

ಪ್ರಶ್ನೆ: ಮೊದಲೆಲ್ಲ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗ ಅದೇ ಮಾತು ಕಿವಿಗೆ ಬಿದ್ದರೂ ಸುಮ್ಮನಾಗಿಬಿಡುತ್ತೇನೆ. ಇದು ಮನಸ್ಸು ಮಾಗಿದ್ದೋ, ಭಾವನೆಗಳೇ ಬತ್ತುತ್ತಿರುವುದೋ?

ಉತ್ತರ: ಸಾಮಾನ್ಯವಾಗಿ ಇದು ಬತ್ತುವಿಕೆಯಲ್ಲ. ಐವತ್ತು ದಾಟಿದ ಅನೇಕರು ಈ ಪ್ರಶ್ನೆಯನ್ನು ಸ್ವಲ್ಪ ಅಳುಕಿನಿಂದಲೇ ಕೇಳುತ್ತಾರೆ. "ಅರವತ್ತಕ್ಕೆ ಅರಳು ಮರಳು" ಎಂಬ ಮಾತು ಕೇಳುತ್ತಲೇ ಬೆಳೆದವರಿಗೆ, ಮನಸ್ಸಿನಲ್ಲಿ ಏನು ಬದಲಾದರೂ ಅದು ಸವಕಳಿಯೇ ಅನಿಸುವುದು ಸಹಜ. ಭಾವನೆಗಳ ಲೆಕ್ಕ ಬೇರೆ.

"ಕಳೆದ ತಿಂಗಳು ಹೇಗಿತ್ತು?" ಎಂದು ಕೇಳಿದರೆ ಸಿಗುವುದು ನೆನಪೇ ಹೊರತು ಅನುಭವವಲ್ಲ. ಅದಕ್ಕೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್ಸ್ಟೆನ್ಸನ್ ಮತ್ತು ಸಂಗಡಿಗರು 18ರಿಂದ 94 ವರ್ಷದೊಳಗಿನ 184 ಜನರ ಕೈಗೆ ಪೇಜರ್ ಕೊಟ್ಟರು. ಅದು ಒಂದು ವಾರ, ದಿನಕ್ಕೆ 5 ಸಲ, ಮೊದಲೇ ಗೊತ್ತಿಲ್ಲದ ಹೊತ್ತಿನಲ್ಲಿ ಕೂಗುತ್ತಿತ್ತು. ಕೂಗಿದಾಗ ಮನಸ್ಸಿನಲ್ಲಿ ಏನಿದೆಯೋ ಅದನ್ನು ಬರೆಯಬೇಕು. ಸಂತೋಷ, ಹೆಮ್ಮೆ, ಕೋಪ, ಬೇಸರ, ನಾಚಿಕೆ ಹೀಗೆ 19 ಭಾವನೆಗಳಿಗೆ 1ರಿಂದ 7ರವರೆಗೆ ಅಂಕ.

2000ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಕೋಪ ಬಂದಾಗ ಅದರ ಬಿಸಿ ಎಷ್ಟು ಎಂಬುದರಲ್ಲಿ ಹರೆಯದವರಿಗೂ ಹಿರಿಯರಿಗೂ ವ್ಯತ್ಯಾಸ ಕಾಣಲಿಲ್ಲ. ಬದಲಾದದ್ದು ಅದು ಎಷ್ಟು ಸಲ ಬರುತ್ತದೆ ಎಂಬುದು. ಕಹಿ ಭಾವನೆಗಳು ಸುಮಾರು 60ರ ತನಕ ವಿರಳವಾಗುತ್ತಾ ಹೋದವು, ಆಮೇಲೆ ಅಲ್ಲಿಗೇ ನಿಂತವು. ಖುಷಿಯ ಗಳಿಗೆಗಳೇನೂ ಕಡಿಮೆಯಾಗಲಿಲ್ಲ. ಇನ್ನೊಂದು ಸಂಗತಿಯೂ ಇತ್ತು: ಹಿರಿಯರಲ್ಲಿ ಒಳ್ಳೆಯ ಮನಸ್ಥಿತಿ ಒಮ್ಮೆ ಬಂದರೆ ಹೆಚ್ಚು ಹೊತ್ತು ನಿಲ್ಲುತ್ತಿತ್ತು, ಕೆಟ್ಟದ್ದು ಬೇಗ ಜಾಗ ಖಾಲಿ ಮಾಡುತ್ತಿತ್ತು. ನೀವು ಹೇಳುವ "ಸುಮ್ಮನಾಗಿಬಿಡುವುದು" ಬಹುಮಟ್ಟಿಗೆ ಇದೇ.

ಹಳೆಯ ತಲೆಮಾರಿನವರು ಮೊದಲಿನಿಂದಲೂ ಹಾಗೇ ಇದ್ದರೇನೋ ಎಂಬ ಅನುಮಾನ ಬರಬಹುದು, ಬರಲೇಬೇಕು. ಆ ಸಂಶೋಧಕರು ಅದೇ ಜನರನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟು ಬಿಟ್ಟು ಮತ್ತೆ ಅಳೆದು, 2011ರಲ್ಲಿ ವರದಿ ಮಾಡಿದರು. ಅದೇ ವ್ಯಕ್ತಿಯೂ ವಯಸ್ಸಾದಂತೆ ಅದೇ ದಿಕ್ಕಿಗೆ ಸರಿದಿದ್ದ.

ಬತ್ತುವುದಕ್ಕೆ ನೇರ ವಿರುದ್ಧವಾದ ಒಂದು ಬದಲಾವಣೆಯೂ ಇದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ರಜೆ ಮುಗಿಸಿದ ಮೊಮ್ಮಗಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕೈ ಬೀಸುತ್ತಾಳೆ. ಅಜ್ಜಿ ನಗುತ್ತಾ ಕೈ ಬೀಸುವಾಗಲೇ ಕಣ್ಣು ತುಂಬುತ್ತದೆ. ಅದು ಬರೀ ಸಂತೋಷವೂ ಅಲ್ಲ, ಬರೀ ದುಃಖವೂ ಅಲ್ಲ. ಸಿಹಿ ಕಹಿ ಎರಡೂ ಒಂದೇ ಗಳಿಗೆಯಲ್ಲಿ ಇರುವುದು ಆ ಪೇಜರ್ ಅಧ್ಯಯನದಲ್ಲಿ ಹಿರಿಯರ ದಾಖಲೆಗಳಲ್ಲೇ ಹೆಚ್ಚು ಕಂಡಿತು. ಇಂಥ ಕಣ್ಣೀರನ್ನು ಮನೆಯವರು ದೌರ್ಬಲ್ಯ ಎಂದು ಓದಬಾರದು.

ಹೀಗಾಗಲು ಕಾರಣ? ಕಾರ್ಸ್ಟೆನ್ಸನ್ ಅವರ ವಾದದ ತಿರುಳು ಉಳಿದಿರುವ ಕಾಲದ ಅರಿವು. ಮುಂದೆ ಬೇಕಾದಷ್ಟು ಕಾಲವಿದೆ ಅನಿಸಿದಾಗ ಮನುಷ್ಯ ಹೊಸ ಪರಿಚಯ, ಹೊಸ ವಿದ್ಯೆಗಾಗಿ ಇರುಸುಮುರುಸನ್ನೂ ಸಹಿಸುತ್ತಾನೆ. ಕಾಲ ಸೀಮಿತ ಅನಿಸಿದಾಗ ಹತ್ತಿರದವರನ್ನೂ ನೆಮ್ಮದಿಯನ್ನೂ ಆರಿಸಿಕೊಳ್ಳುತ್ತಾನೆ. ಇದು ಬರೀ ವಯಸ್ಸಿನ ಮಾತಲ್ಲ ಎಂಬುದಕ್ಕೆ ಹಾಂಗ್‌ಕಾಂಗ್ ಸಾಕ್ಷಿ. ಅಲ್ಲಿನವರಿಗೆ ಸಂಶೋಧಕರು ಕೇಳಿದ ಪ್ರಶ್ನೆ ಇದು. ಅರ್ಧ ಗಂಟೆ ಬಿಡುವು ಸಿಕ್ಕರೆ ಯಾರ ಜೊತೆ ಕಳೆಯುತ್ತೀರಿ: ಮನೆಯ ಹತ್ತಿರದವರೋ, ಹೊಸ ಪರಿಚಯದವರೋ, ನೀವು ಓದಿದ ಪುಸ್ತಕದ ಲೇಖಕರೋ? ಸಾಮಾನ್ಯವಾಗಿ ಹಿರಿಯರು ಮನೆಯವರತ್ತ ಹೆಚ್ಚು ವಾಲುತ್ತಾರೆ. 1997ರಲ್ಲಿ ಆ ನಗರ ಬ್ರಿಟಿಷರ ಆಳ್ವಿಕೆಯಿಂದ ಚೀನಾಕ್ಕೆ ಮರಳುವ ದಿನ ಹತ್ತಿರವಾದಾಗ, ಏನೋ ಮುಗಿಯುತ್ತಿದೆ ಎಂಬ ಭಾವದಲ್ಲಿ ಹರೆಯದವರೂ ಅದೇ ಉತ್ತರ ಕೊಟ್ಟರು. ವರ್ಷ ಕಳೆದ ಮೇಲೆ ಹಳೆಯ ವ್ಯತ್ಯಾಸ ಮರಳಿತು.

ಇನ್ನು ಎಡವುವ ಜಾಗ. ಹಿರಿಯರ ಬಲ ಇರುವುದು ಜಗಳ ಶುರುವಾಗುವ ಮೊದಲೇ ಪಕ್ಕಕ್ಕೆ ಸರಿಯುವುದರಲ್ಲಿ. ಹಾಗೆ ಸರಿಯಲಾಗದ ಕಷ್ಟ ಬಂದರೆ, ಅಂದರೆ ಸಂಗಾತಿಯ ದೀರ್ಘ ಕಾಯಿಲೆ, ನಿತ್ಯದ ನೋವು, ಒಂಟಿತನ, ಮುಗಿಯದ ವ್ಯಾಜ್ಯ, ಆ ಅನುಕೂಲ ಸಣ್ಣದಾಗುತ್ತದೆ, ಕೆಲವೊಮ್ಮೆ ಇಲ್ಲವಾಗುತ್ತದೆ. ಕಾರಣ ದೇಹ. ಒಮ್ಮೆ ಏರಿದ ರಕ್ತದೊತ್ತಡ ಇಳಿದು ಮೊದಲಿನಂತಾಗಲು ವಯಸ್ಸಾದ ದೇಹಕ್ಕೆ ಹೆಚ್ಚು ಹೊತ್ತು ಬೇಕು. ಸೂಸನ್ ಚಾರ್ಲ್ಸ್ ಎಂಬ ಸಂಶೋಧಕಿ 2010ರಲ್ಲಿ ಈ ಎರಡು ಮುಖಗಳನ್ನು ಒಟ್ಟಿಗಿಟ್ಟು ವಿವರಿಸಿದರು. ಹಾಗಾಗಿ ಕಾಯಿಲೆಯವರನ್ನು ನೋಡಿಕೊಳ್ಳುವ ಎಪ್ಪತ್ತರವರಿಗೆ "ನಿಮಗೆ ಅನುಭವ ಇದೆ, ತಾಳ್ಮೆ ಇದೆ" ಎಂದು ಹೊಗಳುವುದರಿಂದ ಏನೂ ಆಗದು. ವಾರಕ್ಕೆ ಕೆಲವು ಗಂಟೆಯಾದರೂ ಆ ಹೊಣೆಯನ್ನು ಬೇರೆಯವರು ಹೊರಬೇಕು.

ನಿಮ್ಮದೇ ಲೆಕ್ಕ ನೋಡಬೇಕೆಂದರೆ ಪೇಜರಿನ ಕೆಲಸವನ್ನು ಫೋನಿನ ಅಲಾರಂ ಮಾಡುತ್ತದೆ. 7 ದಿನ, ಬೆಳಿಗ್ಗೆ 9ರಿಂದ ರಾತ್ರಿ 9ರೊಳಗೆ ದಿನಕ್ಕೆ 5 ಸಲ, ಪ್ರತಿದಿನ ಬೇರೆ ಬೇರೆ ಹೊತ್ತಿಗೆ. ಅದನ್ನು ಮನೆಯಲ್ಲಿ ಬೇರೆಯವರು ಇಟ್ಟುಕೊಟ್ಟರೆ ಇನ್ನೂ ಒಳ್ಳೆಯದು. ಅಲಾರಂ ಆದಾಗ ಮೂರೇ ವಿಷಯ ಬರೆಯಿರಿ: ಯಾವ ಭಾವನೆ, 1ರಿಂದ 7ರಲ್ಲಿ ಎಷ್ಟು, ಕಳೆದ ಸಲ ಬರೆದದ್ದೇ ಇನ್ನೂ ಉಳಿದಿದೆಯೇ. ಹೆಚ್ಚಿನವರು ತಪ್ಪುವುದು ರಾತ್ರಿ ಕೂತು ಐದನ್ನೂ ಒಟ್ಟಿಗೆ ತುಂಬಿಸುವಾಗ. ಆಗ ದಿನದ ಅತಿ ಕೆಟ್ಟ ಗಳಿಗೆಯೂ ಕೊನೆಯ ಗಳಿಗೆಯೂ ಉಳಿದೆಲ್ಲವನ್ನೂ ನುಂಗಿಬಿಡುತ್ತವೆ. ತಪ್ಪಿಹೋದ ಅಲಾರಮಿನ ಜಾಗ ಖಾಲಿಯೇ ಇರಲಿ. ಮದುವೆ ಅಥವಾ ಸಾವು ನಡೆದ ವಾರವನ್ನು ಮಾದರಿಯಾಗಿ ಹಿಡಿಯಬೇಡಿ.

ಈ 35 ಸಾಲುಗಳಲ್ಲಿ ಕೋಪ ನಾಲ್ಕೇ ಸಲ ಬಂದು, ಬಂದಾಗ 5 ಅಥವಾ 6 ಇದ್ದು, ಮುಂದಿನ ಅಲಾರಮಿಗೆ ಇಲ್ಲವಾಗಿದ್ದರೆ ನಿಮ್ಮ ಕೋಪ ಎಲ್ಲೂ ಹೋಗಿಲ್ಲ. ಬಿಟ್ಟುಬಿಡುವುದು ನಿಮಗೆ ಬಂದಿದೆ. ಸಾಲುಸಾಲಿಗೂ ಎಲ್ಲ ಭಾವನೆಗಳೂ 1 ಅಥವಾ 2, ಖುಷಿ ಕೂಡ ಹಾಗೇ ಇದ್ದರೆ ಅದು ಬೇರೆ ಸಂಗತಿ, ಅದನ್ನು ವಯಸ್ಸಿನ ತಲೆಗೆ ಕಟ್ಟಬಾರದು. ಹಿರಿಯರ ಖಿನ್ನತೆ ಅನೇಕ ಸಲ ಅಳುವಿನ ರೂಪದಲ್ಲಿ ಬರುವುದಿಲ್ಲ. ಇಷ್ಟದ ಕೆಲಸದಲ್ಲಿ ಆಸಕ್ತಿ ಹೋಗುತ್ತದೆ, ನಸುಕಿನಲ್ಲೇ ಎಚ್ಚರವಾಗುತ್ತದೆ, ಊಟ ಸೇರುವುದಿಲ್ಲ, ಮೈಕೈ ನೋವು, ಸುಸ್ತು. ಇಂಥವು ಎರಡು ವಾರ ಬಿಡದೆ ಇದ್ದರೆ ವೈದ್ಯರನ್ನು ನೋಡಿ; ಸಾಯಬೇಕು ಅನ್ನಿಸುತ್ತಿದ್ದರೆ ಎರಡು ವಾರ ಕಾಯದೆ ಅಂದೇ ಹೋಗಿ. ಥೈರಾಯ್ಡ್ ಕೊರತೆ, ವಿಟಮಿನ್ ಬಿ12 ಕೊರತೆ, ಕೆಲವು ಔಷಧಿಗಳು ಕೂಡ ಇದೇ ಮಂಕನ್ನು ತರಬಲ್ಲವು. ಆದ್ದರಿಂದ ಸೇವಿಸುತ್ತಿರುವ ಮಾತ್ರೆಗಳನ್ನೂ ಆ 7 ದಿನದ ಹಾಳೆಗಳನ್ನೂ ಜೊತೆಗೆ ಒಯ್ಯಿರಿ.